ಎಐ, ರೋಬೋಟಿಕ್ಸ್, ನ್ಯೂರೋಟೆಕ್ನಾಲಜಿ ಪ್ರಶಸ್ತಿಗಳು: ಕಲಬುರಗಿ, ಬೀದರ್, ಯಾದಗಿರಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲಾ ಶಿಕ್ಷಕರು, ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಪಾಲಕರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಕೊನೆ ದಿನಾಂಕಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆಯಾ ವರ್ಷದ ಪ್ರಕಟಣೆ ನೋಡದೆ ಅರ್ಜಿ ತಯಾರಿಸಬೇಡಿ.

ಎಐಗೆ ಅಂತಲೇ ನೊಬೆಲ್ ಇದೆಯೇ?

ಇಲ್ಲ. ನೊಬೆಲ್‌ನಲ್ಲಿ ಕಂಪ್ಯೂಟರ್ ವಿಜ್ಞಾನದ ವಿಭಾಗವೇ ಇಲ್ಲ. ಆದರೂ 2024ರಲ್ಲಿ ಎಐ ಎರಡು ಬಾಗಿಲಿಂದ ಒಳಗೆ ಬಂತು. ಕೃತಕ ನರಜಾಲಗಳ ಮೂಲಕ ಯಂತ್ರ ಕಲಿಕೆಗೆ ಅಡಿಪಾಯ ಹಾಕಿದ್ದಕ್ಕೆ ಜಾನ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್ ಅವರಿಗೆ ಭೌತಶಾಸ್ತ್ರದ ನೊಬೆಲ್ ಸಿಕ್ಕಿತು. ರಸಾಯನಶಾಸ್ತ್ರದಲ್ಲಿ ಅರ್ಧ ಭಾಗ ಪ್ರೊಟೀನ್ ವಿನ್ಯಾಸಕ್ಕಾಗಿ ಡೇವಿಡ್ ಬೇಕರ್ ಅವರಿಗೆ, ಉಳಿದರ್ಧ ಪ್ರೊಟೀನ್ ಆಕಾರ ಹೇಳುವ ಆಲ್ಫಾಫೋಲ್ಡ್‌ಗಾಗಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಹೋಯಿತು.

ಕಂಪ್ಯೂಟರ್ ವಿಜ್ಞಾನದವರು ದೊಡ್ಡದೆಂದು ಒಪ್ಪುವುದು ಕಂಪ್ಯೂಟರ್ ತಜ್ಞರ ಅಂತರರಾಷ್ಟ್ರೀಯ ಸಂಘ ಎಸಿಎಂ 1966ರಿಂದ ಕೊಡುತ್ತಿರುವ ಟ್ಯೂರಿಂಗ್ ಪ್ರಶಸ್ತಿಯನ್ನು. ಮೊತ್ತ 10 ಲಕ್ಷ ಡಾಲರ್. ಎಐಗೆ ಸಂಬಂಧಿಸಿ 1969ರಲ್ಲಿ ಮಾರ್ವಿನ್ ಮಿನ್ಸ್ಕಿ, 1971ರಲ್ಲಿ ಜಾನ್ ಮೆಕಾರ್ಥಿ, 2011ರಲ್ಲಿ ಜೂಡಿಯಾ ಪರ್ಲ್, 2018ರಲ್ಲಿ ಬೆಂಜಿಯೊ, ಹಿಂಟನ್, ಲೆಕುನ್ ಪಡೆದರು. 2024ರ ಪ್ರಶಸ್ತಿ ಆಂಡ್ರೂ ಬಾರ್ಟೊ ಮತ್ತು ರಿಚರ್ಡ್ ಸಟನ್ ಅವರದು. ನಮ್ಮ ಪಕ್ಕದ ಆಂಧ್ರದಲ್ಲಿ ಹುಟ್ಟಿದ ರಾಜ್ ರೆಡ್ಡಿ 1994ರಲ್ಲಿ ಎಡ್ವರ್ಡ್ ಫೈಗನ್‌ಬಾಮ್ ಜೊತೆ ಇದನ್ನು ಹಂಚಿಕೊಂಡರು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರೋಬೋಟಿಕ್ಸ್ ಸಂಸ್ಥೆಯ ಮೊದಲ ನಿರ್ದೇಶಕರೂ ಅವರೇ.

ರೋಬೋಟಿಕ್ಸ್‌ಗೆ ಪ್ರತ್ಯೇಕ ಪ್ರಶಸ್ತಿ ಯಾವುದು?

1977ರಿಂದ ಕೊಡುತ್ತಿರುವ ಎಂಗಲ್‌ಬರ್ಗರ್ ಪ್ರಶಸ್ತಿ ಹಳೆಯದು. 1961ರಲ್ಲಿ ಜನರಲ್ ಮೋಟಾರ್ಸ್ ಕಾರ್ಖಾನೆಗೆ ಇಳಿದ ಯೂನಿಮೇಟ್ ಎಂಬ ಯಂತ್ರತೋಳಿನ ಹಿಂದಿದ್ದ ಜೋಸೆಫ್ ಎಂಗಲ್‌ಬರ್ಗರ್ ಹೆಸರಿನದು. ಆದರೆ ಈ ಕ್ಷೇತ್ರವನ್ನು ಪದಕಗಳಿಗಿಂತ ಹೆಚ್ಚು ಮುಂದೆ ತಳ್ಳಿದ್ದು ಬಹುಮಾನದ ಸ್ಪರ್ಧೆಗಳು ಎಂಬುದು ನಮ್ಮ ಅಭಿಪ್ರಾಯ. 2004ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಮರುಭೂಮಿಯಲ್ಲಿ ಚಾಲಕನಿಲ್ಲದ ವಾಹನಗಳ ಸ್ಪರ್ಧೆ ಇಟ್ಟಾಗ ಒಂದೂ ಗುರಿ ಮುಟ್ಟಲಿಲ್ಲ. ಎಲ್ಲಕ್ಕಿಂತ ದೂರ ಹೋದದ್ದೂ 12 ಕಿ.ಮೀ. ಹತ್ತಿರ ನಿಂತಿತು. ಮರುವರ್ಷವೇ 5 ವಾಹನಗಳು ಗುರಿ ಸೇರಿದವು. ಸ್ಟ್ಯಾನ್‌ಫರ್ಡ್‌ನ ‘ಸ್ಟ್ಯಾನ್ಲಿ’ 20 ಲಕ್ಷ ಡಾಲರ್ ಗೆದ್ದಿತು.

ನ್ಯೂರೋಟೆಕ್ನಾಲಜಿ ಅಂದರೆ ಮೆದುಳಿಗೆ ಚಿಪ್ ಕೂರಿಸುವುದಷ್ಟೇ ತಾನೇ?

ಅಷ್ಟೇ ಆಗಿದ್ದರೆ ಪ್ರಶಸ್ತಿ ಪಟ್ಟಿ ಬಹಳ ಚಿಕ್ಕದಿರುತ್ತಿತ್ತು. ನರಮಂಡಲದ ಸಂಕೇತ ಓದುವ ಅಥವಾ ಅದಕ್ಕೆ ಸಂಕೇತ ಕೊಡುವ ಎಲ್ಲ ಸಾಧನವೂ ಇದರಲ್ಲಿ ಬರುತ್ತದೆ. ಹುಟ್ಟಾ ಕಿವುಡು ಮಕ್ಕಳಿಗೆ ಹಾಕುವ ಕಾಕ್ಲಿಯರ್ ಇಂಪ್ಲಾಂಟ್‌ಗಾಗಿ ಗ್ರೇಮ್ ಕ್ಲಾರ್ಕ್, ಇಂಗೆಬೋರ್ಗ್ ಹೊಖ್‌ಮೈರ್, ಬ್ಲೇಕ್ ವಿಲ್ಸನ್ ಅವರಿಗೆ 2013ರಲ್ಲಿ ವೈದ್ಯಕೀಯ ಸಂಶೋಧನೆಯ ಲ್ಯಾಸ್ಕರ್ ಪ್ರಶಸ್ತಿ ಸಿಕ್ಕಿತು. ಪಾರ್ಕಿನ್ಸನ್ ರೋಗಿಗಳ ನಡುಕ ತಗ್ಗಿಸಲು ಮೆದುಳಿನ ಆಳಕ್ಕೆ ವಿದ್ಯುತ್ ಪ್ರಚೋದನೆ ಕೊಡುವ ಚಿಕಿತ್ಸೆಗಾಗಿ ಮರುವರ್ಷ ಬೆನಬಿಡ್ ಮತ್ತು ಡಿಲಾಂಗ್ ಪಡೆದರು.

ನರವಿಜ್ಞಾನಕ್ಕೆ ಡೆನ್ಮಾರ್ಕ್‌ನ ಬ್ರೇನ್ ಪ್ರೈಜ್ ಇದೆ, 2008ರಿಂದ ಎರಡು ವರ್ಷಕ್ಕೊಮ್ಮೆ ಕೊಡುವ ಕಾವ್ಲಿ ಪ್ರಶಸ್ತಿ ಇದೆ. 2017ರ ಬ್ರೇನ್ ಪ್ರೈಜ್ ಪಡೆದ ಡಯಾನ್, ಡೋಲನ್, ಶುಲ್ಟ್ಸ್ ಅವರ ಕೆಲಸ ಗಮನಿಸಿ. ನಿರೀಕ್ಷೆಗೂ ಸಿಕ್ಕ ಫಲಕ್ಕೂ ಇರುವ ವ್ಯತ್ಯಾಸದಿಂದ ಮೆದುಳು ಹೇಗೆ ಕಲಿಯುತ್ತದೆ ಎಂಬುದು ಅವರ ವಿಷಯ. ಅದೇ ಲೆಕ್ಕಾಚಾರವನ್ನು ಯಂತ್ರಕ್ಕೆ ಕಲಿಸಿದ್ದು ಮೇಲೆ ಹೇಳಿದ ಬಾರ್ಟೊ ಮತ್ತು ಸಟನ್. ಮೆದುಳು–ಕಂಪ್ಯೂಟರ್ ಸಂಪರ್ಕಕ್ಕೆಂದೇ 2010ರಿಂದ ಬಿಸಿಐ ಪ್ರಶಸ್ತಿ ನಡೆಯುತ್ತಿದೆ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯ 2016ರಲ್ಲಿ ಆರಂಭಿಸಿದ ಸೈಬಾಥ್ಲಾನ್‌ನಲ್ಲಿ ಕೈಕಾಲು ಸ್ವಾಧೀನವಿಲ್ಲದವರು ಮೆದುಳಿನ ಸಂಕೇತದಿಂದಲೇ ಪರದೆಯ ಮೇಲೆ ಓಟ ಓಡುತ್ತಾರೆ.

ಭಾರತದಲ್ಲಿ ಏನೇನಿವೆ? ನಮಗೆ ನಾವೇ ಅರ್ಜಿ ಹಾಕಬಹುದೇ?

ದೇಶಮಟ್ಟದಲ್ಲಿ ಮೂರು ಹೆಸರು ನೆನಪಿಡಿ.

ಮೊದಲನೆಯದು ರಾಷ್ಟ್ರೀಯ ವಿಜ್ಞಾನ ಪುರಸ್ಕಾರ. 2024ರಲ್ಲಿ ಮೊದಲ ಸಲ ಕೊಟ್ಟರು. ವಿಜ್ಞಾನ ರತ್ನ, ವಿಜ್ಞಾನ ಶ್ರೀ, 45 ವರ್ಷದವರೆಗಿನವರಿಗೆ ವಿಜ್ಞಾನ ಯುವ–ಶಾಂತಿಸ್ವರೂಪ ಭಟ್ನಾಗರ್, ಮತ್ತು ವಿಜ್ಞಾನ ಟೀಮ್ ಎಂದು ನಾಲ್ಕು ಬಗೆ. ಎಐಗೆ ಬೇರೆ ವಿಭಾಗವಿಲ್ಲ. ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯ ಇವುಗಳಲ್ಲಿ ನಿಮ್ಮ ಕೆಲಸ ಎಲ್ಲಿ ಕೂರುತ್ತದೆಂದು ನೀವೇ ತೀರ್ಮಾನಿಸಬೇಕು. ಯೋಜನೆ ಘೋಷಿಸುವಾಗ ನಾಮನಿರ್ದೇಶನಕ್ಕೆ ಜನವರಿ 14ರಿಂದ ಫೆಬ್ರುವರಿ 28 ಎಂದಿದ್ದರು. ಅದನ್ನೇ ನಂಬಿ ಕೂರಬೇಡಿ.

ಎರಡನೆಯದು ಇನ್ಫೊಸಿಸ್ ಪ್ರಶಸ್ತಿ. 2024ರಿಂದ 40 ವರ್ಷದೊಳಗಿನ ಸಂಶೋಧಕರಿಗೆ ಮೀಸಲು, ಮೊತ್ತ 1 ಲಕ್ಷ ಡಾಲರ್. 2019ರಲ್ಲಿ ಇದನ್ನು ಪಡೆದ ಸುನೀತಾ ಸರಾವಗಿ ಅವರ ಕೆಲಸದಲ್ಲಿ ಅಡ್ಡಾದಿಡ್ಡಿ ಬರೆದ ವಿಳಾಸಗಳನ್ನು ಕಂಪ್ಯೂಟರ್ ಅರ್ಥ ಮಾಡಿಕೊಳ್ಳುವಂತೆ ಮಾಡುವುದೂ ಸೇರಿತ್ತು. ‘ಹನುಮಾನ ಗುಡಿ ಹಿಂದ, ನೀರಿನ ಟಾಕಿ ಹತ್ರ’ ಎಂದು ಬರೆಯುವ ಊರಿನವರಿಗೆ ಅದರ ಬೆಲೆ ಬೇಗ ಗೊತ್ತಾಗುತ್ತದೆ.

ಮೂರನೆಯದು ಪದ್ಮ ಪ್ರಶಸ್ತಿ. ರಾಷ್ಟ್ರೀಯ ಪುರಸ್ಕಾರ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಯಾರ ಹೆಸರನ್ನಾದರೂ ಸೂಚಿಸಬಹುದು, ತಮ್ಮದನ್ನೂ ಸಹ. ಸಾಧನೆಯ ವಿವರಣೆ 800 ಪದ ಮೀರಬಾರದು. ಸೇವೆಯಲ್ಲಿರುವ ಸರ್ಕಾರಿ ನೌಕರರು ಅರ್ಹರಲ್ಲ. ವೈದ್ಯರು ಮತ್ತು ವಿಜ್ಞಾನಿಗಳಿಗೆ ಮಾತ್ರ ವಿನಾಯಿತಿ.

ದೊಡ್ಡ ಪ್ರಶಸ್ತಿಗಳಿಗೆ ಬಹುತೇಕ ಇನ್ನೊಬ್ಬರು ಹೆಸರು ಸೂಚಿಸಬೇಕು. ಸ್ಪರ್ಧೆಗಳಿಗೆ ನೀವೇ ಅರ್ಜಿ ಹಾಕಬೇಕು. ಕಾಲೇಜಿನಲ್ಲಿ ಓದುತ್ತಿರುವವರ ಜಾಗ ಸದ್ಯಕ್ಕೆ ಸ್ಪರ್ಧೆಗಳಲ್ಲಿ.

ನಮ್ ಸಾಲ್ಯಾಗ ಲ್ಯಾಬ್ ಇಲ್ರಿ. ಆದ್ರೂ ಮಕ್ಕಳು ಹಾಕಬಹುದೇನ್ರಿ?

ಖಂಡಿತ. ಇನ್‌ಸ್ಪೈರ್ ಅವಾರ್ಡ್–ಮಾನಕ್ ಯೋಜನೆ ಮೊದಲು ಕೇಳುವುದು ಯೋಚನೆಯನ್ನು, ಯಂತ್ರವನ್ನಲ್ಲ. 6ರಿಂದ 10ನೇ ತರಗತಿ ಮಕ್ಕಳಿಗೆಂದು ಆರಂಭವಾದ ಯೋಜನೆ ಇದು.

ಮುಖ್ಯಶಿಕ್ಷಕರು ಇ–ಮಿಯಾಸ್ ಪೋರ್ಟಲ್‌ನಲ್ಲಿ ಶಾಲೆಯನ್ನು ಒಮ್ಮೆ ನೋಂದಾಯಿಸಬೇಕು. ಜಿಲ್ಲಾ ಶಿಕ್ಷಣ ಅಧಿಕಾರಿ ಮಂಜೂರು ಮಾಡಿದ ಮೇಲೆ ಲಾಗಿನ್ ಸಿಗುತ್ತದೆ. ಆಮೇಲೆ ಮಕ್ಕಳ ಯೋಚನೆಗಳನ್ನು ಚಿತ್ರ ಸಮೇತ ಏರಿಸಬೇಕು. ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ಆಯ್ಕೆಯಾದರೆ ಮಾದರಿ ಮಾಡಲು ₹10,000 ನೇರ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಬರುತ್ತದೆ, ಆಮೇಲೆ ಜಿಲ್ಲೆ, ರಾಜ್ಯ, ರಾಷ್ಟ್ರಮಟ್ಟದ ಪ್ರದರ್ಶನ.

ಸಿಕ್ಕಿಹಾಕಿಕೊಳ್ಳುವುದು ಎರಡು ಕಡೆ. ಒಂದು, ಖಾತೆ. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು ಇದ್ದರೆ, ಅಥವಾ ವ್ಯವಹಾರವಿಲ್ಲದೆ ಖಾತೆ ನಿಷ್ಕ್ರಿಯವಾಗಿದ್ದರೆ ಹಣ ವಾಪಸ್ ಹೋಗುತ್ತದೆ. ಹೆಸರು ಏರಿಸುವ ಮೊದಲೇ ಪಾಸ್‌ಬುಕ್ ಎಂಟ್ರಿ ಮಾಡಿಸಿ. ಎರಡು, ಹಳಸಲು ವಿಷಯ. ಮಳೆನೀರು ಕೊಯ್ಲು, ಜ್ವಾಲಾಮುಖಿ, ಕಣ್ಣಿಲ್ಲದವರಿಗೆ ಅಲ್ಟ್ರಾಸಾನಿಕ್ ಕೋಲು, ಅಡ್ಡಿ ಕಂಡರೆ ತಿರುಗುವ ರೋಬೋಟ್ ಕಾರು ಇವೆಲ್ಲ ಯೂಟ್ಯೂಬ್‌ನಿಂದ ಇಳಿದು ದೇಶದ ಎಲ್ಲ ಜಿಲ್ಲೆಯಿಂದಲೂ ಬರುತ್ತವೆ. ಮಗುವಿನ ಮನೆಯಲ್ಲಿ, ಹೊಲದಲ್ಲಿ ದಿನಾ ಕಾಣುವ ತೊಂದರೆಯಿಂದ ಹೊರಟರೆ ಹೊಸತನ ತಾನಾಗಿ ಬರುತ್ತದೆ. ತೊಗರಿ ರಾಶಿ ಮಾಡುವಾಗ ಏಳುವ ದೂಳು, ಭೀಮಾ ದಂಡೆಯ ಪಂಪ್‌ಸೆಟ್‌ಗೆ ರಾತ್ರಿ ಹೋಗಿ ಬರುವ ಕಷ್ಟ ಇಂಥವು.

ಎಂಜಿನಿಯರಿಂಗ್ ವಿದ್ಯಾರ್ಥಿಗಳು ಎಲ್ಲಿಂದ ಆರಂಭಿಸಬೇಕು?

ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ (ಕೆಎಸ್‌ಸಿಎಸ್‌ಟಿ) ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮದಿಂದ. ಅರ್ಜಿ ಕಾಲೇಜಿನ ಮೂಲಕವೇ ಹೋಗಬೇಕು. ಆಯ್ಕೆಯಾದ ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಧನಸಹಾಯ ಸಿಗುತ್ತದೆ, ಚೆನ್ನಾಗಿ ಮುಗಿಸಿದವು ರಾಜ್ಯಮಟ್ಟದ ಪ್ರದರ್ಶನಕ್ಕೆ ಹೋಗುತ್ತವೆ. ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ಗೆ 6 ಜನರ ತಂಡ ಬೇಕು, ಅದರಲ್ಲಿ ಕನಿಷ್ಠ ಒಬ್ಬ ವಿದ್ಯಾರ್ಥಿನಿ ಕಡ್ಡಾಯ. ಮೊದಲು ಕಾಲೇಜೊಳಗಿನ ಸುತ್ತು ನಡೆದು, ಕಾಲೇಜಿನ ಸಂಯೋಜಕರೇ ತಂಡದ ಹೆಸರು ಕಳಿಸಬೇಕು. ಸಂಯೋಜಕರಿಲ್ಲದ ಕಾಲೇಜಿನವರು ಎಷ್ಟು ಜಾಣರಿದ್ದರೂ ಹೊರಗೇ ಉಳಿಯುತ್ತಾರೆ. ಐಐಟಿ ಬಾಂಬೆಯ ಇ–ಯಂತ್ರ ರೋಬೋಟಿಕ್ಸ್ ಸ್ಪರ್ಧೆ ತಿಂಗಳುಗಟ್ಟಲೆ ನಡೆಯುತ್ತದೆ. ಗೆಲ್ಲದಿದ್ದರೂ ಕಲಿಕೆ ಮಾತ್ರ ಗಟ್ಟಿ.

ಕಾಲೇಜಿನಲ್ಲಿ ಓಡಿದ ರೋಬೋಟ್ ಪ್ರದರ್ಶನದ ದಿನ ಯಾಕೆ ಕೈಕೊಡುತ್ತದೆ?

ನಮ್ಮ ಭಾಗದಲ್ಲಿ ಮೊದಲ ಅಪರಾಧಿ ನೆಲ. ಬಿಳಿ ಚಾರ್ಟ್ ಮೇಲೆ ಕಪ್ಪು ಟೇಪ್ ಅಂಟಿಸಿ ಹೊಂದಿಸಿದ ಲೈನ್ ಫಾಲೋವರ್‌ ಅನ್ನು (ಗೆರೆ ಹಿಡಿದು ಹೋಗುವ ರೋಬೋಟ್) ಶಹಾಬಾದ್ ಫರಸಿ ಮೇಲೆ ಬಿಟ್ಟರೆ, ಕಲ್ಲಿನ ಬೂದು ಬಣ್ಣಕ್ಕೂ ಟೇಪಿಗೂ ಸೆನ್ಸರ್‌ಗೆ ಅಂತರವೇ ಕಾಣುವುದಿಲ್ಲ. ಮ್ಯಾಟ್ ಫಿನಿಶ್‌ನ ಬಿಳಿ ಫ್ಲೆಕ್ಸ್ ಸುತ್ತಿಕೊಂಡು ನೀವೇ ಒಯ್ಯಿರಿ. ಹೊಳೆಯುವ ಫ್ಲೆಕ್ಸ್ ಬೇಡ, ಬೆಳಕು ಕನ್ನಡಿಯಂತೆ ಪುಟಿದು ಬರುತ್ತದೆ.

ಎರಡನೆಯದು ಬಿಸಿಲು. ಸೂರ್ಯನ ಬೆಳಕಿನಲ್ಲಿ ಅವಗೆಂಪು ಕಿರಣ ಹೇರಳ. ಶಾಮಿಯಾನದ ಸಂದಿಯಿಂದ ಬಿಸಿಲು ಬಿದ್ದರೆ ಐಆರ್ ಸೆನ್ಸರ್ ಎಲ್ಲವನ್ನೂ ಬಿಳಿ ಎಂದೇ ಓದುತ್ತದೆ. ಸೆನ್ಸರ್ ಸುತ್ತ ಕಪ್ಪು ಚಾರ್ಟಿನ ಗೋಡೆ ಕಟ್ಟಿ, ಜಾಗಕ್ಕೆ ಹೋದ ಮೇಲೆ ಮತ್ತೆ ಕ್ಯಾಲಿಬ್ರೇಟ್ ಮಾಡಿ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ 80 ಡಿಗ್ರಿ ದಾಟಿದರೆ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಏಪ್ರಿಲ್–ಮೇ ಬಿಸಿಲಿನಲ್ಲಿ ಕ್ಯಾಮೆರಾ ಹಚ್ಚಿ ಎಐ ಮಾಡೆಲ್ ಓಡಿಸಿದರೆ ಅಲ್ಲಿಗೆ ಮುಟ್ಟಲು ಹೊತ್ತು ಹಿಡಿಯುವುದಿಲ್ಲ. ಹೀಟ್‌ಸಿಂಕ್ ಜೊತೆ ಪುಟ್ಟ ಫ್ಯಾನ್ ಇರಲಿ.

ಮೂರನೆಯದು ಕರೆಂಟ್ ಲೆಕ್ಕ. ಎಲ್ಲರೂ ಕೊಳ್ಳುವ ಎಲ್298ಎನ್ ಮೋಟಾರ್ ಡ್ರೈವರ್ ಸುಮಾರು 2 ವೋಲ್ಟ್ ತಾನೇ ನುಂಗುತ್ತದೆ. ಎರಡು 18650 ಲಿಥಿಯಂ ಸೆಲ್‌ಗಳ 7.4 ವೋಲ್ಟ್‌ನಲ್ಲಿ ಮೋಟಾರ್‌ಗೆ ಮುಟ್ಟುವುದು ಐದೂವರೆಗಿಂತ ಕಡಿಮೆ. ಸೆಲ್ ಇಳಿದಂತೆ ಗಾಲಿ ತಿರುಗುವುದಿಲ್ಲ. ಟಿಬಿ6612 ಡ್ರೈವರ್ ಬಳಸಿದರೆ ಈ ನಷ್ಟ ಬಹಳ ತಗ್ಗುತ್ತದೆ. ರೋಬೋಟ್ ತೋಳು ಎತ್ತಿದ ಕೂಡಲೇ ಆರ್ಡುಯಿನೊ ನಿಯಂತ್ರಣ ಬೋರ್ಡ್ ರೀಸೆಟ್ ಆಗುತ್ತಿದ್ದರೆ ಕೋಡ್ ಹುಡುಕುತ್ತಾ ಕೂರಬೇಡಿ. ತೋಳು ತಿರುಗಿಸುವ ಸರ್ವೊ ಮೋಟಾರ್‌ಗಳು ಒಮ್ಮೆಲೇ ಕರೆಂಟ್ ಎಳೆದು ವೋಲ್ಟೇಜ್ ಕುಸಿಯುತ್ತಿದೆ. ಸರ್ವೊಗಳಿಗೆ ಬೇರೆ ಸಪ್ಲೈ ಕೊಡಿ, ಗ್ರೌಂಡ್ ಮಾತ್ರ ಒಂದಾಗಿಸಿ, ಹತ್ತಿರದಲ್ಲೇ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ.

ನಮ್ಮ ತೊಗರಿ ರೋಗ ಪತ್ತೆ ಎಐ 98% ಸರಿ ಹೇಳುತ್ತದೆ. ತೀರ್ಪುಗಾರರು ಯಾಕೆ ಒಪ್ಪಲಿಲ್ಲ?

ಬಹುಶಃ ಅವರು ‘ಟೆಸ್ಟ್ ಫೋಟೊ ಎಲ್ಲಿಂದ ತಂದಿರಿ?’ ಎಂದು ಕೇಳಿರುತ್ತಾರೆ. ಒಂದೇ ಹೊಲದಲ್ಲಿ ಒಂದೇ ದಿನ ತೆಗೆದ 500 ಫೋಟೊಗಳನ್ನು ಕಲಸಿ, 400 ಕಲಿಕೆಗೆ, 100 ಪರೀಕ್ಷೆಗೆ ಇಟ್ಟರೆ ಮಾಡೆಲ್ ರೋಗ ಕಲಿತಿದೆಯೋ ಆ ಹೊಲದ ಕಪ್ಪು ಮಣ್ಣು ಕಲಿತಿದೆಯೋ ಯಾರಿಗೆ ಗೊತ್ತು? ಪ್ಲಾಂಟ್‌ವಿಲೇಜ್ ಎಂಬ ಪ್ರಸಿದ್ಧ ಎಲೆಚಿತ್ರ ಸಂಗ್ರಹದ ಮೇಲೆ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದೇ ಆಯಿತು. ಅದೇ ಸಂಗ್ರಹದ ಚಿತ್ರಗಳ ಮೇಲೆ 99% ಮೀರಿದ ಮಾಡೆಲ್, ಬೇರೆ ಕಡೆಯ ಚಿತ್ರ ಕೊಟ್ಟಾಗ 31%ರ ಆಸುಪಾಸಿಗೆ ಬಿತ್ತು. ಆ ಸಂಗ್ರಹದಲ್ಲಿ ತೊಗರಿ ಇಲ್ಲವೇ ಇಲ್ಲ ಎಂಬುದೂ ಗೊತ್ತಿರಲಿ.

ಹೊಲವಾರು ಬೇರ್ಪಡಿಸಿ. ಆಳಂದದ ಹೊಲಗಳಲ್ಲಿ ಕಲಿಸಿ, ಶಹಾಪುರ ಅಥವಾ ಹುಮನಾಬಾದ್ ಹೊಲದಲ್ಲಿ ಪರೀಕ್ಷಿಸಿ. ಅಂಕಿ 98ರಿಂದ 70ಕ್ಕೆ ಇಳಿಯಬಹುದು. ಇಳಿದ 70 ತೀರ್ಪುಗಾರರ ಮುಂದೆ ಹೆಚ್ಚು ಬಾಳುತ್ತದೆ.

ಇನ್ನೊಂದು ಪ್ರಶ್ನೆಗೂ ಉತ್ತರ ಇಟ್ಟುಕೊಳ್ಳಿ. ನೂರರಲ್ಲಿ 90 ಗಿಡ ಆರೋಗ್ಯವಾಗಿದ್ದರೆ, ಕಣ್ಣು ಮುಚ್ಚಿ ‘ಆರೋಗ್ಯ’ ಎಂದು ಹೇಳುವ ಪ್ರೋಗ್ರಾಮ್‌ಗೂ 90% ಬರುತ್ತದೆ. ಆದ್ದರಿಂದ ರೋಗವಿದ್ದ ಗಿಡಗಳಲ್ಲಿ ಎಷ್ಟನ್ನು ಹಿಡಿಯಿತು ಎಂಬುದನ್ನು ಬೇರೆಯಾಗಿ ತೋರಿಸಿ. ನೆಟೆ ರೋಗಕ್ಕೂ ನೀರಿನ ಕೊರತೆಗೂ ಎಲೆ ಹಳದಿಯಾಗುತ್ತದೆ. ವ್ಯತ್ಯಾಸ ತಿಳಿಯುವುದು ಕಾಂಡದ ಮೇಲಿನ ಕಂದು–ನೇರಳೆ ಪಟ್ಟಿಯಿಂದ. ಎಲೆಯ ಫೋಟೊ ಮಾತ್ರ ತೆಗೆದಿದ್ದರೆ ಈ ಪ್ರಶ್ನೆಗೆ ತಡವರಿಸುತ್ತೀರಿ. ಫೋಟೊಗೆ ರೋಗದ ಹಣೆಪಟ್ಟಿ ಹಚ್ಚುವ ಮೊದಲು ಸಸ್ಯರೋಗ ತಜ್ಞರಿಗೆ ಫೋಟೊ ತೋರಿಸಿ, ಅವರು ಒಪ್ಪಿದ್ದೆಷ್ಟು, ಒಪ್ಪದ್ದೆಷ್ಟು ಎಂದು ಬರೆದಿಡಿ.

ಮಾತು ಗುರುತಿಸುವ ಪ್ರಾಜೆಕ್ಟ್‌ಗೂ ಇದೇ ನಿಯಮ. ‘ಏನ್ ಮಾಡ್ಲಕತ್ತೀರಿ’ ಎಂಬುದನ್ನು ನಿಮ್ಮ ತಂಡದ ನಾಲ್ವರ ದನಿಯಲ್ಲೇ ಕಲಿಸಿ ನಾಲ್ವರ ಮೇಲೇ ಪರೀಕ್ಷಿಸಿದರೆ ಲೆಕ್ಕಕ್ಕಿಲ್ಲ.

ಮೆದುಳಿನ ಅಲೆಗಳಿಂದ ಗಾಲಿಕುರ್ಚಿ ಓಡಿಸುವ ಪ್ರಾಜೆಕ್ಟ್ ಮಾಡಿದ್ದೇವೆ. ಏನು ಕೇಳುತ್ತಾರೆ?

‘ಇದು ಮೆದುಳಿನದೋ, ದವಡೆಯದೋ?’ ಎಂದು ಕೇಳುತ್ತಾರೆ. ನೆತ್ತಿಯ ಮೇಲೆ ಸಿಗುವ ಇಇಜಿ (ಮೆದುಳಿನ ವಿದ್ಯುತ್) ಸಂಕೇತ 10ರಿಂದ 100 ಮೈಕ್ರೊವೋಲ್ಟ್ ಅಷ್ಟೇ. ಹಲ್ಲು ಕಚ್ಚಿದರೆ, ಕಣ್ಣು ಮಿಟುಕಿಸಿದರೆ ಸ್ನಾಯು ಮತ್ತು ಕಣ್ಣಿನ ಸಂಕೇತ ಅದನ್ನು ಮುಚ್ಚಿಹಾಕುತ್ತದೆ. ಮಿಟುಕಿಸಿ ಕುರ್ಚಿ ಓಡಿಸುವುದೂ ಒಳ್ಳೆಯ ಕೆಲಸವೇ, ಆದರೆ ಅದನ್ನು ‘ಮನೋಬಲ’ ಎಂದು ಬ್ಯಾನರ್ ಹಾಕಿದರೆ ಅಲ್ಲಿಗೆ ಮುಗಿಯಿತು.

ಇಇಜಿ ಬರುತ್ತಿದೆಯೇ ಎಂದು ನೋಡಲು ಸುಲಭ ದಾರಿ: ತಲೆಯ ಹಿಂಭಾಗದ ಎಲೆಕ್ಟ್ರೋಡ್‌ನಲ್ಲಿ, ಕಣ್ಣು ಮುಚ್ಚಿ ಸುಮ್ಮನೆ ಕೂತಾಗ 8ರಿಂದ 12 ಹರ್ಟ್ಜ್ ಅಲೆ ಏರಬೇಕು, ತೆರೆದಾಗ ಇಳಿಯಬೇಕು. ಇದು ಕಾಣದಿದ್ದರೆ ಮುಂದಿನದೆಲ್ಲ ಬರೀ ಗದ್ದಲ.

ಸಂಕೇತ ಕೆಡುವುದಕ್ಕೆ ಇಲ್ಲಿನ ಸಾಮಾನ್ಯ ಕಾರಣ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ. ಹಿಂದಿನ ರಾತ್ರಿ ಶಾಂಪೂ ಹಾಕಿ ತೊಳೆದು, ಎಣ್ಣೆ ಇಲ್ಲದೆ ಬರಲು ಹೇಳಿ. ಎಲೆಕ್ಟ್ರೋಡ್ ಜಾಗವನ್ನು ಸ್ಪಿರಿಟ್‌ನಿಂದ ಒರೆಸಿ, ಜೆಲ್ ಹಚ್ಚಿ, ಸಂಪರ್ಕದ ಅಡೆತಡೆ 10 ಕಿಲೊ ಓಮ್‌ಗಿಂತ ಕೆಳಗೆ ತನ್ನಿ. ಬೆವರು ಬಂದರೆ ಗೆರೆ ಮೆಲ್ಲಗೆ ಮೇಲೆ ಕೆಳಗೆ ತೇಲುತ್ತದೆ, ಹಾಗಾಗಿ ಮಧ್ಯಾಹ್ನ ಬಿಟ್ಟು ಬೆಳಿಗ್ಗೆ ರೆಕಾರ್ಡ್ ಮಾಡಿ. 50 ಹರ್ಟ್ಜ್‌ನಲ್ಲಿ ದಪ್ಪ ಗೆರೆ ಎದ್ದರೆ ಅದು ಮನೆಯ ಕರೆಂಟ್. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿ. ಇದು ಸಂಕೇತಕ್ಕಿಂತ ಹೆಚ್ಚಾಗಿ ತಲೆಗೆ ತಂತಿ ಕಟ್ಟಿಕೊಂಡವರ ಜೀವಕ್ಕೆ ಬೇಕಾದ ಎಚ್ಚರ. ಮಿನುಗುವ ದೀಪ ತೋರಿಸಿ ಮೆದುಳಿನ ಸಂಕೇತ ಪಡೆಯುವವರು 15ರಿಂದ 25 ಹರ್ಟ್ಜ್ ಬಿಟ್ಟುಬಿಡಿ, ಮೂರ್ಛೆ ರೋಗ ಇರುವವರಿಗೆ ಅಪಾಯ. ಮನೆಯಲ್ಲಿ ಮಾಡಿದ ಸರ್ಕ್ಯೂಟ್‌ನಿಂದ ಮೆದುಳಿಗೆ ಕರೆಂಟ್ ಕೊಡುವ ಪ್ರಯೋಗ ಯಾವ ಪ್ರಶಸ್ತಿಗೂ ಬೇಡ.

ಎಡ, ಬಲ, ಮುಂದೆ, ನಿಲ್ಲು ಎಂದು ನಾಲ್ಕು ಆಜ್ಞೆಗಳಿದ್ದರೆ 40 ಪ್ರಯತ್ನದಲ್ಲಿ 10 ಸರಿ ಬರುವುದು ಅದೃಷ್ಟದ ಪಾಲು. 16 ದಾಟಿದರೆ ಮಾತ್ರ ಸಾಧನದ ಬಗ್ಗೆ ಮಾತಾಡಲು ಆಧಾರವಿರುತ್ತದೆ.

ಗೆಳೆಯರ ಮೇಲೇ ಪ್ರಯೋಗ ಮಾಡಿದ್ದೇವೆ. ಅನುಮತಿ ಬೇಕೇ?

ಬೇಕು, ಅದೂ ಮೊದಲೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಮನುಷ್ಯರ ಮೇಲಿನ ಸಂಶೋಧನೆಗೆ ಸಾಂಸ್ಥಿಕ ನೈತಿಕ ಸಮಿತಿಯ ಒಪ್ಪಿಗೆ ಪಡೆಯಬೇಕು. ಅಂತರರಾಷ್ಟ್ರೀಯ ಶಾಲಾ ವಿಜ್ಞಾನ ಮೇಳ ಐಸೆಫ್‌ನಲ್ಲೂ ಪ್ರಯೋಗಕ್ಕೆ ಮುಂಚಿನ ಪರಿಶೀಲನೆ ಕಡ್ಡಾಯ. ಮುಗಿದ ಮೇಲೆ ಹಿಂದಿನ ತಾರೀಖು ಹಾಕಿದ ಪತ್ರ ನಡೆಯುವುದಿಲ್ಲ. ನಿಮ್ಮ ಕಾಲೇಜಿನಲ್ಲಿ ಸಮಿತಿ ಇಲ್ಲದಿದ್ದರೆ ಹತ್ತಿರದ ವೈದ್ಯಕೀಯ ಕಾಲೇಜಿನ ಒಬ್ಬ ಅಧ್ಯಾಪಕರನ್ನು ಜೊತೆ ಸೇರಿಸಿಕೊಂಡು ಅಲ್ಲಿನ ಸಮಿತಿಗೆ ಕೇಳಿ. ಸಮಿತಿ ಸೇರುವವರೆಗೆ ಕಾಯಬೇಕಾಗುತ್ತದೆ, ಆ ಸಮಯ ಕೈಯಲ್ಲಿಟ್ಟುಕೊಳ್ಳಿ. ಒಪ್ಪಿಗೆ ಪತ್ರ ಭಾಗವಹಿಸುವವರ ಮಾತಿನಲ್ಲಿರಲಿ: ಕನ್ನಡ, ಬೇಕಿದ್ದರೆ ಉರ್ದು. ಲಂಬಾಣಿ ತಾಂಡಾದಲ್ಲಿ ಓದಿ ಹೇಳುವವರೂ ಬೇಕು. 18 ವರ್ಷದೊಳಗಿನವರಿಗೆ ಪಾಲಕರ ಸಹಿ.

ಮೊದಲು ಪೇಟೆಂಟೋ, ಮೊದಲು ಪ್ರದರ್ಶನವೋ?

ಪೇಟೆಂಟ್ ಅರ್ಜಿ. ಜನರ ಮುಂದೆ ತೋರಿಸಿದ ಮೇಲೆ ಹೊಸತು ಎನ್ನುವ ಹಕ್ಕು ಹೋಗುವ ಸಂಭವ ಹೆಚ್ಚು. ಸರ್ಕಾರ ಅಧಿಸೂಚಿಸಿದ ಪ್ರದರ್ಶನಗಳಿಗಷ್ಟೇ 12 ತಿಂಗಳ ರಿಯಾಯಿತಿ. ಕಾಲೇಜು ಉತ್ಸವ ಅದರಲ್ಲಿ ಬರುವುದಿಲ್ಲ. ತಾತ್ಕಾಲಿಕ ಅರ್ಜಿ ಹಾಕಿ, 12 ತಿಂಗಳೊಳಗೆ ಪೂರ್ಣ ವಿವರ ಕೊಟ್ಟರಾಯಿತು. ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಸಲ್ಲಿಸುವ ಆರಂಭಿಕ ಶುಲ್ಕ ₹1,600. ಏಜೆಂಟರ ಫೀಸು ಬೇರೆ.

‘ನೀವು ಅಂತರರಾಷ್ಟ್ರೀಯ ಎಐ ಸಾಧಕ ಪ್ರಶಸ್ತಿಗೆ ಆಯ್ಕೆಯಾಗಿದ್ದೀರಿ, ₹15,000 ಕಟ್ಟಿ’ ಎಂದು ಮೇಲ್ ಬಂದಿದೆ. ಕಟ್ಟಬಹುದೇ?

ಕಟ್ಟಬೇಡಿ. ನೀವು ಅರ್ಜಿ ಹಾಕಿಲ್ಲ, ಯಾರೂ ಹೆಸರು ಸೂಚಿಸಿಲ್ಲ ಎಂದ ಮೇಲೆ ಆಯ್ಕೆ ಹೇಗಾಯಿತು? ತೀರ್ಪುಗಾರರ ಹೆಸರು, ಹಿಂದಿನ ವರ್ಷದ ವಿಜೇತರು, ಅವರು ಮಾಡಿದ ಕೆಲಸ ಈ ಮೂರನ್ನೂ ಬಹಿರಂಗವಾಗಿ ತೋರಿಸದವರು ಮಾರುತ್ತಿರುವುದು ಫಲಕ, ಶಾಲು ಮತ್ತು ಫೋಟೊ. ಸ್ಪರ್ಧೆಗೆ ಚಿಕ್ಕ ನೋಂದಣಿ ಶುಲ್ಕ ಇರುವುದುಂಟು, ಅದು ಬೇರೆ. ಗೆದ್ದ ಮೇಲೆ ಹಣ ಕೇಳಿದರೆ ಅದು ವ್ಯಾಪಾರ. ಇಂಥ ಫಲಕ ಅರ್ಜಿಯಲ್ಲಿ ಸೇರಿಸಿದರೆ ಬಲ್ಲ ತೀರ್ಪುಗಾರರು ಉಳಿದದ್ದನ್ನೂ ಅನುಮಾನದಿಂದ ನೋಡುತ್ತಾರೆ.

‘ಎಐ ಸೇವೆಗೆ ಗೌರವ ಡಾಕ್ಟರೇಟ್’ ಎಂಬುದೂ ಹೀಗೆಯೇ. ಪದವಿ ಕೊಡುವ ಹಕ್ಕು ಯುಜಿಸಿ ಕಾಯ್ದೆಯಂತೆ ಮಾನ್ಯ ವಿಶ್ವವಿದ್ಯಾಲಯಗಳಿಗೆ ಮಾತ್ರ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯುಜಿಸಿಯೇ ಪ್ರಕಟಿಸುತ್ತದೆ, ನೋಡಿಕೊಳ್ಳಿ.

ಪದ್ಮಶ್ರೀ ಬಂದರೆ ಹೆಸರಿನ ಮುಂದೆ ಹಾಕಿಕೊಳ್ಳಬಹುದೇ?

ಇಲ್ಲ. ಅದು ಬಿರುದಲ್ಲ, ಹೆಸರಿನ ಹಿಂದೆ ಮುಂದೆ ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವವರು ಗಮನಿಸಿ.

ಅರ್ಜಿಯಲ್ಲಿ ಏನು ಬರೆಯಬೇಕು?

ಮೊದಲ ಎರಡು ಸಾಲಿನಲ್ಲಿ ಯಾರ ಯಾವ ತೊಂದರೆ, ನೀವು ಮಾಡಿದ್ದೇನು, ಅಳೆದಾಗ ಸಿಕ್ಕಿದ್ದೇನು ಎಂದು ಬರಲಿ. ‘ಇಂದಿನ ಆಧುನಿಕ ಯುಗದಲ್ಲಿ’ ಎಂಬ ಪೀಠಿಕೆ ಹೊಡೆದುಹಾಕಿ. 2 ನಿಮಿಷದ ವಿಡಿಯೊ ಕೇಳಿದ್ದರೆ ಮೊದಲ 20 ಸೆಕೆಂಡಿನಲ್ಲೇ ಸಾಧನ ಓಡುತ್ತಿರಲಿ. ಕಾಲೇಜಿನ ಲೋಗೊ ತಿರುಗುವುದು ಬೇಡ. ಎಲ್ಲಿ ಕೆಲಸ ಮಾಡುವುದಿಲ್ಲ ಎಂಬುದಕ್ಕೆ ಒಂದು ಪ್ಯಾರಾ ಮೀಸಲಿಡಿ. ಕೊನೆ ದಿನ ಪೋರ್ಟಲ್ ನಿಧಾನವಾಗುತ್ತದೆ, ಊರಲ್ಲಿ ಕರೆಂಟೂ ಹೋಗಬಹುದು. ಎರಡು ದಿನ ಮೊದಲೇ ಸಲ್ಲಿಸಿ, ಸ್ವೀಕೃತಿ ಸಂಖ್ಯೆ ಬರೆದಿಟ್ಟುಕೊಳ್ಳಿ.

ಪ್ರಾಜೆಕ್ಟ್ ಮುಗಿದ ಮೇಲೆ ಕಂಪನಿ ಮಾಡಬೇಕೆಂದಿದ್ದೇವೆ. ಪ್ರಶಸ್ತಿ ಹಣ ಸಾಲದು.

ರಾಜ್ಯ ಸರ್ಕಾರದ ಎಲಿವೇಟ್ ಯೋಜನೆ ನೋಡಿ. ಆಯ್ಕೆಯಾದ ನವೋದ್ಯಮಕ್ಕೆ ₹50 ಲಕ್ಷದವರೆಗೆ ಅನುದಾನ ಸಿಗುತ್ತದೆ. ಕಲ್ಯಾಣ ಕರ್ನಾಟಕಕ್ಕೆಂದೇ ಬೇರೆ ಎಲಿವೇಟ್ ಸುತ್ತುಗಳೂ ನಡೆದಿವೆ. ಹಣ ಕಂತುಗಳಲ್ಲಿ ಬರುವುದರಿಂದ ಮೊದಲ ಕಂತಿನ ಖರ್ಚಿನ ಬಿಲ್ಲುಗಳನ್ನು ಜೋಪಾನ ಮಾಡಿ. ಪ್ರಶಸ್ತಿ ಹಣದ ವಿಷಯಕ್ಕೆ ಬಂದರೆ, ಸರ್ಕಾರ ಕೊಟ್ಟ ಅಥವಾ ಅನುಮೋದಿಸಿದ ಪ್ರಶಸ್ತಿಗಳಿಗೆ ಆದಾಯ ತೆರಿಗೆ ವಿನಾಯಿತಿ ಇದೆ. ಖಾಸಗಿ ಹ್ಯಾಕಥಾನ್ ಬಹುಮಾನಕ್ಕೆ ಆ ವಿನಾಯಿತಿ ತಾನಾಗಿ ಸಿಗುವುದಿಲ್ಲ. ಹಣ ಒಬ್ಬರ ಖಾತೆಗೆ ಬಂದು ಆರು ಜನ ಹಂಚಿಕೊಂಡರೆ ತೆರಿಗೆ ಲೆಕ್ಕ ಆ ಒಬ್ಬರ ತಲೆಗೇ ಸುತ್ತಿಕೊಳ್ಳುತ್ತದೆ, ಆದ್ದರಿಂದ ಯಾರಿಗೆ ಎಷ್ಟು ಎಂಬುದನ್ನು ಆರೂ ಜನರ ಸಹಿ ಹಾಕಿಸಿ, ಬ್ಯಾಂಕ್ ಮೂಲಕವೇ ವರ್ಗಾಯಿಸಿ.